ಡ್ರಾ ಒತ್ತುವ ಗಳಿಗೆ

ನನ್ನ ಫೋನಿಗೆ ನನ್ನ ಹೆಬ್ಬೆರಳಿನ ಪರಿಚಯವಿಲ್ಲ. ಹತ್ತೊಂಬತ್ತು ವರ್ಷ ಸಿಮೆಂಟಿನಲ್ಲಿ ದುಡಿದ ಬೆರಳು, ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಒತ್ತಿದರೆ ‘ಗುರುತು ಸಿಗಲಿಲ್ಲ’ ಎನ್ನುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ಮಾತು. ಮೂರನೆಯ ಸಲಕ್ಕೆ ಯಾರೋ ಕಳ್ಳನಿರಬೇಕೆಂದು ಬಾಗಿಲು ಹಾಕಿಕೊಂಡುಬಿಡುತ್ತದೆ. ದುಡಿದು ತಂದ ಯಜಮಾನನನ್ನು ಹೀಗೆ ಹೊರಗೆ ನಿಲ್ಲಿಸುವ ಹಕ್ಕು ನಮ್ಮ ಮನೆಯಲ್ಲಿ ಇದುವರೆಗೆ ನನ್ನ ಹೆಂಡತಿ ಶಾಹೀನಾಳಿಗೆ ಮಾತ್ರ ಇತ್ತು.

ಅದೇ ಫೋನಿನ ಗಾಜಿನ ಬಲಗಡೆ ಕೆಳಮೂಲೆಯಲ್ಲಿ ಒಂದು ರೂಪಾಯಿ ಅಗಲದ ಜಾಗ ಮಸುಕಾಗಿದೆ. ಮೊನ್ನೆ ಬಿಸಿಲಿಗೆ ಹಿಡಿದಾಗ ಕಂಡಿತು. ಆ ಜಾಗದಲ್ಲಿ ‘ಡ್ರಾ’ ಅನ್ನುವ ಗುಂಡಿ ಬರುತ್ತಿತ್ತು. ಅದು ಇಸ್ಪೀಟಿನ ಆಟ, ವಿಡಿಯೊ ಪೋಕರ್ ಅಂತ. ಎದುರಿಗೆ ಆಡುವವರು ಯಾರೂ ಇಲ್ಲ. ಮಷೀನು, ನೀವು, ಅಷ್ಟೇ. ಅದು ಐದು ಎಲೆ ಹಾಕುತ್ತದೆ. ಬೇಕಾದ್ದನ್ನು ಇಟ್ಟುಕೊಂಡು ಡ್ರಾ ಒತ್ತಿದರೆ ಬೇಡವೆಂದ ಎಲೆಗಳ ಜಾಗಕ್ಕೆ ಹೊಸವು ಬರುತ್ತವೆ. ಐದೂ ಒಂದೇ ಜಾತಿಯವು ಬಂದರೆ, ಇಲ್ಲವೇ ಸಾಲಾಗಿ ಬಂದರೆ, ಗೆದ್ದಿರಿ. ನನ್ನ ಫೋನಿನಲ್ಲಿದ್ದದ್ದು ಪುಕ್ಕಟೆ ಆಟ. ನಾಣ್ಯವನ್ನು ಅದೇ ಕೊಡುತ್ತದೆ, ಅದೇ ಕಿತ್ತುಕೊಳ್ಳುತ್ತದೆ, ಎಲ್ಲ ಮುಗಿದರೆ ಮರುದಿನ ಮತ್ತೆ ಅದೇ ಕೊಡುತ್ತದೆ. ಇಂಥ ಸಾಹುಕಾರ ನಮ್ಮೂರಿನಲ್ಲಿ ಒಬ್ಬನಿದ್ದಿದ್ದರೆ ನಾನು ನ್ಯೂಜಿಲೆಂಡಿಗೆ ಬರುತ್ತಲೇ ಇರಲಿಲ್ಲ.

ಈ ಡ್ರಾ ಒತ್ತುವುದಕ್ಕೆ ಒಂದು ಗಳಿಗೆ ಇದೆ, ಅದನ್ನು ಹಿಡಿದರೆ ಒಳ್ಳೆಯ ಎಲೆ ಬರುತ್ತದೆ ಎಂದು ನಾನು ನಾಲ್ಕು ವರ್ಷ ನಂಬಿದ್ದೆ. ನಂಬಿದ್ದೆ ಅಂದರೆ ಸಾಲದು, ಬೋಧಿಸುತ್ತಿದ್ದೆ.

ನೀವು ನಗುವ ಮೊದಲು ಈ ಬೆರಳುಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ಕೇಳಿ. ನಾವು ಶಿಡ್ಲಘಟ್ಟದ ರೀಲರುಗಳು. ಅಂದರೆ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರು. ನಮ್ಮ ಬೀದಿಗೆ ಕಾಲಿಟ್ಟರೆ ಬೆಂದ ಹುಳದ ವಾಸನೆ. ಹೊರಗಿನವರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ನಮಗೆ ಅದು ಬರದ ದಿನ ಗಾಬರಿ; ಅವತ್ತು ಯಾರ ಮನೆಯಲ್ಲೂ ಕೆಲಸವಿಲ್ಲ ಅಂತ ಅರ್ಥ. ಒಂದು ಗೂಡಿನಿಂದ ಬರುವ ಎಳೆ ಕೂದಲಿಗಿಂತ ತೆಳ್ಳಗಿರುತ್ತದೆ. ಎಂಟು-ಹತ್ತು ಗೂಡಿನ ಎಳೆ ಕೂಡಿದರೆ ಒಂದು ನೂಲು. ರಾಟೆ ಯಾರಿಗೂ ಕಾಯುವುದಿಲ್ಲ, ತಿರುಗುತ್ತಲೇ ಇರುತ್ತದೆ. ಒಂದು ಗೂಡು ಬಿಚ್ಚಿ ಮುಗಿಯುತ್ತಾ ಬಂತು ಅನ್ನುವಾಗ ಹೊಸ ಗೂಡಿನ ಎಳೆಯನ್ನು ಓಡುವ ನೂಲಿಗೆ ಬೀಸಿ ಅಂಟಿಸಬೇಕು. ಬೇಗ ಬೀಸಿದರೆ ನೂಲು ದಪ್ಪ, ತಡವಾದರೆ ತೆಳು, ಇನ್ನೂ ತಡವಾದರೆ ಕಡಿದೇ ಹೋಗುತ್ತದೆ. ಆಗ ನನ್ನ ಹಿಂದೆ ನಿಂತಿರುತ್ತಿದ್ದ ಅಬ್ಬಾ ಏನೂ ಅನ್ನುತ್ತಿರಲಿಲ್ಲ. ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಹೋಲಿಸಿದರೆ ಪೆಟ್ಟು ಎಷ್ಟೋ ವಾಸಿ.

ಹನ್ನೆರಡು ವರ್ಷಕ್ಕೆ ನನ್ನ ಬೀಸು ಬೀದಿಯಲ್ಲೇ ಹೆಸರಾಯಿತು. ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ನನ್ನ ಬೆಂದ ಬೆರಳು ನೋಡಿ ಹೊಡೆಯಲು ಮನಸ್ಸಾಗದೆ ಕಿವಿ ಮಾತ್ರ ಹಿಂಡುತ್ತಿದ್ದರು. ಒಂದು ದಿನ ಅಬ್ಬಾ ಶಾಲೆಗೆ ಬಂದು, “ಇವ್ನು ನಿಮ್ಮತ್ರ ಕಲಿಯೋದು ಇನ್ನೇನಾದ್ರೂ ಬಾಕಿ ಐತಾ ಸಾರ್?” ಎಂದು ಕೇಳಿದರು. ಮೇಷ್ಟ್ರು ಪ್ರಾಮಾಣಿಕರು. “ಎಲ್ಲಾ ಬಾಕಿ ಐತೆ,” ಅಂದರು. “ಹಂಗಾದ್ರೆ ಕಷ್ಟ,” ಎಂದು ಅಬ್ಬಾ ನನ್ನನ್ನು ಮನೆಗೆ ಕರೆದುಕೊಂಡು ಬಂದರು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಶಿಡ್ಲಘಟ್ಟದಿಂದ ಆಕ್ಲೆಂಡಿಗೆ ಹೇಗೆ ಬಂದೆ ಅಂತ ಕೇಳಬೇಡಿ. ಭಾವಮೈದ ಕರೆದ, ಬಂದೆ, ಅವನು ಆಸ್ಟ್ರೇಲಿಯಕ್ಕೆ ಹೋದ. ಪಾಪಟೋಟೊಯಿಯಲ್ಲಿ ಅವನು ಬಿಟ್ಟುಹೋದ ಬಾಡಿಗೆ ಮನೆ, ಅವನು ಬಿಟ್ಟುಹೋದ ಹಳೆಯ ಯೂಟ್ ಅನ್ನುವ ಸಾಮಾನು ಗಾಡಿ, ಅವನು ಬಿಟ್ಟುಹೋದ ಕಾಂಕ್ರೀಟ್ ಕೆಲಸ, ಮೂರೂ ನನ್ನ ಪಾಲಿಗೆ ಬಂದವು. ಇವತ್ತು ಮನೆ ನನ್ನದೇ, ಯೂಟ್ ಹೊಸದು, ಕೆಲಸಕ್ಕೆ ಮಾತ್ರ ಬೇರೆ ಹೆಸರಿಲ್ಲ. ಮನೆಗಳ ಮುಂದೆ ಕಾರು ನಿಲ್ಲಿಸುವ ಹಾದಿ, ಗ್ಯಾರೇಜಿನ ನೆಲ, ಹಿತ್ತಲ ಕಟ್ಟೆ, ಇವೆಲ್ಲ ನಾನು ಹಾಕುವವು. ಮೌಂಟ್ ರಾಸ್ಕಿಲ್‌ನ ಕೆಲವು ಬೀದಿಗಳಲ್ಲಿ ನಾನು ತಲೆ ಎತ್ತಿ ನಡೆಯುವುದಿಲ್ಲ. ತಲೆ ತಗ್ಗಿಸಿ, ನಾನು ಹಾಕಿದ ನೆಲ ನೋಡಿಕೊಂಡು ನಡೆಯುತ್ತೇನೆ. ನನ್ನ ಹೆಮ್ಮೆಗೆ ಅದೇ ಭಂಗಿ.

ಕಾಂಕ್ರೀಟಿನ ಗುಣ ಏನೆಂದರೆ ಅದು ನಿಮ್ಮನ್ನು ಕಾಯಿಸುತ್ತದೆ. ಲಾರಿಯಿಂದ ಸುರಿದು, ಎಳೆದು, ಮಟ್ಟ ಮಾಡಿದ ಮೇಲೆ ನೀರು ಮೇಲೆ ಬಂದು ಮಿನುಗುತ್ತಾ ನಿಲ್ಲುತ್ತದೆ. ಆ ಮಿನುಗು ಹೋಗುವವರೆಗೆ ಕೈ ಕಟ್ಟಿ ಕೂರಬೇಕು. ನೀರಿರುವಾಗಲೇ ಕರಣೆ ಆಡಿಸಿದರೆ ವರ್ಷದೊಳಗೆ ಮೇಲ್ಮೈ ಹಪ್ಪಳದ ಹಾಗೆ ಏಳುತ್ತದೆ. ತಡ ಮಾಡಿದಿರೋ, ಅದು ಬಂಡೆ. ಬಂಡೆಗೆ ಯಾರ ಕರಣೆಯೂ ಲೆಕ್ಕಕ್ಕಿಲ್ಲ. ಅಂಗೈ ಇಟ್ಟರೆ ಒದ್ದೆ ಅಂಟಬಾರದು, ಬೂಟು ಇಟ್ಟರೆ ಗುರುತು ಬೀಳಬೇಕು, ಕಾಲು ಹೂತುಕೊಳ್ಳಬಾರದು. ಆ ಹದ ಇರುವುದು ಸ್ವಲ್ಪ ಹೊತ್ತು ಮಾತ್ರ. ಆಕ್ಲೆಂಡಿನಲ್ಲಿ ಆ ಹೊತ್ತಿನೊಳಗೆ ಬಿಸಿಲು, ಮಳೆ, ಗಾಳಿ ಮೂರೂ ಬಂದು ವಿಚಾರಿಸಿಕೊಂಡು ಹೋಗುತ್ತವೆ.

ಈ ಕಾಯುವ ಹೊತ್ತಿನಲ್ಲೇ ಆಟ ಶುರುವಾದದ್ದು. ಎಡಗಣ್ಣು ನೆಲದ ಮೇಲೆ, ಬಲಗಣ್ಣು ಫೋನಿನ ಮೇಲೆ. ಹೀಗೆ ಇದ್ದೂ ಇದ್ದೂ ಅಲ್ಲಿಯ ನಿಯಮ ಇಲ್ಲಿಗೂ ಬಂತು. ಎಲೆ ಬಿದ್ದ ಮೇಲೆ ಎರಡು ಉಸಿರು ಬಿಡಬೇಕು, ಮೂರನೆಯದು ಅರ್ಧಕ್ಕೆ ಬಂದಾಗ ಒತ್ತಬೇಕು. ಮೊದಲ ಉಸಿರಿಗೇ ಒತ್ತಿದರೆ ಎಲೆ ಇನ್ನೂ ಹಸಿ. ಮೂರು ದಾಟಿದರೆ ಗಟ್ಟಿ. ಗೆದ್ದಾಗ ಗಳಿಗೆ ಹಿಡಿದೆ ಅಂತ ಅರ್ಥ, ಸೋತಾಗ ಗಳಿಗೆ ತಪ್ಪಿತು ಅಂತ ಅರ್ಥ. ನಾಲ್ಕು ವರ್ಷದಲ್ಲಿ ಒಂದೇ ಒಂದು ಆಟವೂ ನನ್ನ ಸಿದ್ಧಾಂತದ ವಿರುದ್ಧ ಹೋಗಲಿಲ್ಲ.

ಈ ಸಿದ್ಧಾಂತಕ್ಕೆ ಇದ್ದ ಒಬ್ಬನೇ ಶಿಷ್ಯ ಚೇತನ್. ಮಂಡ್ಯ ಕಡೆಯವನು, ಬಿ.ಕಾಂ. ಮಾಡಿ, ಇಲ್ಲಿಗೆ ಓದಲು ಬಂದು, ಓದಿ ಮುಗಿಸಿ, ಓದಿಗೆ ತಕ್ಕ ಕೆಲಸ ಸಿಗದೆ ನನ್ನ ಜೊತೆ ಸೇರಿದವನು. ವಯಸ್ಸು ಮೂವತ್ತನಾಲ್ಕು. ಒಳ್ಳೆ ಕೆಲಸಗಾರ. ಮೂಟೆ ಎತ್ತುವಾಗ ನನಗಿಂತ ಮುಂದು, ಹದ ಹೇಳುವಾಗ ಮಾತ್ರ ಯಾವಾಗಲೂ ನನ್ನ ಮುಖ ನೋಡುತ್ತಿದ್ದ. ಬಿ.ಕಾಂ. ಓದಿದವನೊಬ್ಬ ಏಳನೇ ಕ್ಲಾಸಿನವನ ಮುಖ ನೋಡುತ್ತಾ ನಿಂತರೆ ಆ ಏಳನೇ ಕ್ಲಾಸಿನವನಿಗೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನು ಹದ ಹೇಳಿದೆ. ಆಮೇಲೆ ಚಹಾದ ಹದ ಹೇಳಿದೆ. ಆಮೇಲೆ ಇಸ್ಪೀಟಿನ ಹದ.

“ನಿಮ್ಮ ಕೈಯಲ್ಲಿ ಏನೋ ಅದೆ ಭಾಯ್,” ಅನ್ನುತ್ತಿದ್ದ.

“ಐತೆ,” ಅನ್ನುತ್ತಿದ್ದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ.

ಅವನ ಹೆಂಡತಿ ರಶ್ಮಿ ಊರಿನಲ್ಲಿದ್ದಳು. ಮೂರು ವರ್ಷ ಕಾದ ಮೇಲೆ ಅವಳಿಗೆ ವೀಸಾ ಬಂತು. ಆರು ವಾರದಲ್ಲಿ ಬರುವವಳಿದ್ದಳು. ಇವನು ಇದ್ದದ್ದು ನಾಲ್ವರು ಫ್ಲಾಟ್‌ಮೇಟ್‌ಗಳ ಜೊತೆ, ಒಬ್ಬನ ಜೊತೆ ಕೋಣೆ ಹಂಚಿಕೊಂಡು. ಅಲ್ಲಿಗೆ ಹೆಂಡತಿಯನ್ನು ಕರೆತರುವ ಹಾಗಿಲ್ಲ. ಸ್ಯಾಂಡ್ರಿಂಗಮ್‌ನಲ್ಲಿ ಒಂದು ಪುಟ್ಟ ಮನೆ ನೋಡಿಟ್ಟಿದ್ದ. ಅದಕ್ಕೆ ಮೊದಲೇ ಕಟ್ಟಬೇಕಾದ ಬಾಂಡ್ ಹಣವನ್ನು ಒಂದು ವರ್ಷದಿಂದ ಕೂಡಿಡುತ್ತಿದ್ದ.

ಒಂದು ಶನಿವಾರ ಮೌಂಟ್ ರಾಸ್ಕಿಲ್‌ನಲ್ಲಿ ಒಂದು ಮನೆಯ ಹಾದಿ ಸುರಿದು ಕಾಯುತ್ತಾ ಕೂತಿದ್ದೆವು. ನಾನು ಫೋನು ತೆಗೆದೆ. ಚೇತನ್ ಪಕ್ಕಕ್ಕೆ ಸರಿದು, ಮಗ್ಗಿ ಒಪ್ಪಿಸುವವನ ಖುಷಿಯಲ್ಲಿ ಹೇಳಿದ:

“ಭಾಯ್, ಒಂದು ವಿಷ್ಯ. ನಾನು ನಿಜವಾದ ಮಷೀನಲ್ಲೇ ಆಡ್ತಾವ್ನಿ. ನಾಕು ಶುಕ್ರವಾರ ಆಯ್ತು.”

“ಎಲ್ಲಿ?”

“ಸಿಟಿ ಕಡೆ ಒಂದು ಜಾಗ ಅದೆ. ಮೂರು ಗಂಟೆಗೆ ಕೆಲ್ಸ ಬುಟ್ಟು ಟ್ರೇನ್ ಹತ್ತುಬುಡ್ತೀನಿ. ನಿಮ್ಮ ಸ್ಟೈಲೇ. ಎರಡು ಉಸ್ರು, ಮೂರ್ನೇದು ಅರ್ಧ.”

“ಗೆದ್ಯಾ?”

“ಮೊದಲ್ನೇ ವಾರ ಗೆದ್ದೆ. ಆಮೇಲೆ ಒಸಿ ಹೋಯ್ತು. ಬಾಂಡ್ ದುಡ್ಡಲ್ಲಿ ಅರ್ಧ ಹೋಗದೆ. ಆದ್ರೆ ಕೈ ಕೂತ್ಕತಾ ಅದೆ ಭಾಯ್. ಇನ್ನೊಂದೆರಡು ವಾರ, ಅಷ್ಟೇ.”

ಅಷ್ಟು ಹೊತ್ತಿಗೆ ನನ್ನ ಫೋನಿನಲ್ಲಿ ನಾಲ್ಕು ಆಟೀನು ಬಿದ್ದಿದ್ದವು, ಐದನೆಯದಕ್ಕೆ ಡ್ರಾ ಒತ್ತಬೇಕಿತ್ತು. ಎಷ್ಟನೇ ಉಸಿರು ಅಂತ ಮರೆತುಹೋಯಿತು.

ಮನೆಗೆ ಬಂದು ಶಾಹೀನಾಗೆ ಹೇಳಿದೆ. ನಮ್ಮ ಮನೆಯ ಮಾತು ಉರ್ದು. ಅವಳು ಅಂದದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಬಿಸಿ ಸ್ವಲ್ಪ ಆರಿದೆ.

“ದುಡ್ಡಿಲ್ಲದಿದ್ದರೂ ಜೂಜು ಜೂಜೇ ಅಂತ ನಾಲ್ಕು ವರ್ಷದಿಂದ ಹೇಳ್ತಿದೀನಿ. ನೀವು ಪುಕ್ಕಟೆ ಆಡಿದಿರಿ. ನಿಮ್ಮ ಲೆಕ್ಕದ ದುಡ್ಡು ಅವನು ಕಟ್ಟಿದಾನೆ.”

“ನನ್ನ ಟೈಮಿಂಗ್ ಅವನಿಗಿನ್ನೂ ಸರಿಯಾಗಿ ಬಂದಿಲ್ಲ ಅಷ್ಟೇ,” ಎಂದೆ. ಬಾಯಿ ಬಿಟ್ಟ ಮೇಲೆ ತಿಳಿಯಿತು, ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ.

“ನಿಮಗೆ ಬಂದಿದೆಯಾ?” ಎಂದಳು. “ಮೊನ್ನೆ ಹಾಲು ಕಾಯಿಸಲು ಇಟ್ಟು ಮುಂದೆಯೇ ನಿಂತಿದ್ದಿರಿ. ಒಲೆ ಒರೆಸಿದ್ದು ನಾನು.”

ಶಾಹೀನಾ ಪಿ.ಯು.ಸಿ. ಪಾಸಾದವಳು. ಫೋನು ಕಿತ್ತುಕೊಂಡು, ಆಟದೊಳಗೆ ಯಾರೂ ಓದದ ಸಹಾಯದ ಪುಟವೊಂದಿರುತ್ತದಲ್ಲ, ಅದನ್ನು ಓದಿದಳು. ಒತ್ತುವವರೆಗೂ ಮಷೀನು ಒಳಗೊಳಗೇ ಎಲೆ ಕಲೆಸುತ್ತಲೇ ಇರುತ್ತದಂತೆ. ಒತ್ತಿದ ಕ್ಷಣ ಯಾವುದು ಮೇಲಿದೆಯೋ ಅದು ಬರುತ್ತದಂತೆ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ನೋಡಿದೆಯಾ! ಹಾಗಾದ್ರೆ ಗಳಿಗೆ ಇದೆ! ಬೇರೆ ಗಳಿಗೇಲಿ ಒತ್ತಿದ್ರೆ ಬೇರೆ ಎಲೆ!”

“ಗಳಿಗೆ ಇದೆ. ನಿಮಗೆ ಕಾಣಿಸುತ್ತಾ?”

ಭಾನುವಾರ ಡೈರಿಯಿಂದ ಒಂದು ಕಟ್ಟು ಇಸ್ಪೀಟು ತಂದೆ. ಹಾಲಿನ ಡೈರಿಯಲ್ಲ, ಇಲ್ಲಿ ಬೀದಿ ಮೂಲೆಯ ಅಂಗಡಿಗೆ ಹಾಗನ್ನುತ್ತಾರೆ. ಪಂದ್ಯವಿಲ್ಲ, ನಾಣ್ಯವಿಲ್ಲ, ಇದು ಒಬ್ಬಳ ಮನೆ ಉಳಿಸಲು ಅಂತ ಶಾಹೀನಾ ಮೇಲಿನವನಿಗೆ ಮೊದಲೇ ತಿಳಿಸಿ ಮೇಜಿಗೆ ಕೂತಳು. ನಾಲ್ಕು ಆಟೀನು, ಒಂದು ಕಳಾವರ್ ತೆಗೆದು ಮೇಜಿನ ಮೇಲಿಟ್ಟೆವು. ಉಳಿದದ್ದು ನಲವತ್ತೇಳು ಎಲೆ, ಅದರಲ್ಲಿ ಒಂಬತ್ತು ಆಟೀನು. ಅವಳು ಮೇಜಿನ ಕೆಳಗೆ, ನನಗೆ ಕಾಣದ ಹಾಗೆ, ಅವನ್ನು ಕಲೆಸುತ್ತಲೇ ಇರಬೇಕು. ನಾನು ‘ಸಾಕು’ ಎಂದ ಕ್ಷಣ ನಿಲ್ಲಿಸಿ ಮೇಲಿನ ಎಲೆ ತೆಗೆಯಬೇಕು. ಐವತ್ತು ಸಲ ನನ್ನ ಉಸಿರಿನ ಲೆಕ್ಕಕ್ಕೆ. ಇನ್ನೈವತ್ತು ಸಲ ನಾನು ಬಾಯಿ ಮುಚ್ಚಿಕೊಂಡಿರಬೇಕು. ಮನೆ ಮುಂದೆ ಒಂದು ಕಾರು ಹಾದುಹೋದಾಗ ನಿಲ್ಲಿಸುವುದು.

ನನಗೆ ಒಂಬತ್ತು ಸಲ ಆಟೀನು ಬಂತು. ಕಾರುಗಳಿಗೆ ಹನ್ನೊಂದು ಸಲ. ಅವುಗಳಲ್ಲೊಂದು ಐಸ್‌ಕ್ರೀಂ ವ್ಯಾನು.

“ಇನ್ನೊಂದು ಸುತ್ತು,” ಎಂದೆ. ಎರಡನೆಯ ಸುತ್ತಿನಲ್ಲಿ ನಾನು ಒಂದರಿಂದ ಗೆದ್ದೆ. ಎದೆ ಉಬ್ಬಿಸುವಷ್ಟರಲ್ಲಿ ಶಾಹೀನಾ ಕೇಳಿದಳು: “ಮೊದಲು ಕಾರುಗಳು ಗೆದ್ದಾಗ ಅವಕ್ಕೆ ಟೈಮಿಂಗ್ ಇದೆ ಅಂದಿರಾ?”

ಬೇಗ ನಿಲ್ಲಿಸಿದರೂ ನಲವತ್ತೇಳರಲ್ಲಿ ಒಂಬತ್ತು. ತಡವಾಗಿ ನಿಲ್ಲಿಸಿದರೂ ನಲವತ್ತೇಳರಲ್ಲಿ ಒಂಬತ್ತು. ಎಲೆ ಬೇರೆಯಾಗುತ್ತದೆ, ಅವಕಾಶ ಬೇರೆಯಾಗುವುದಿಲ್ಲ. ಇಷ್ಟು ಲೆಕ್ಕ ಆ ಮೇಷ್ಟ್ರು ಮುಂದೆ ಹೇಳಿಕೊಡುತ್ತಿದ್ದರೋ ಏನೋ. ನಾನು ಕಾದಿರಲಿಲ್ಲ.

ಸೋಮವಾರ ಚೇತನ್‌ಗೆ ಎಲ್ಲ ಹೇಳಿದೆ. ಐಸ್‌ಕ್ರೀಂ ವ್ಯಾನನ್ನೂ ಬಿಡಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡು ನಕ್ಕ.

“ಬುಡಿ ಭಾಯ್. ಗುಟ್ಟು ಹೇಳಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ.”

“ಗುಟ್ಟೇ ಇಲ್ಲ ಅಂತಿದೀನಲ್ಲೋ!”

“ನಿಮ್ಮ ಮನೆ ಬಿರಿಯಾನಿ ಹೆಂಗ್ ಮಾಡೋದು ಅಂದ್ರೂ ಹಿಂಗೇ ಅಂತೀರಿ. ‘ಏನಿಲ್ಲಪ್ಪ, ಉಪ್ಪು, ಖಾರ, ಅಷ್ಟೇ’ ಅಂತ.”

ಫೋನು ತೆಗೆದು ಅವನ ಮುಂದೆಯೇ ಹತ್ತು ಆಟ ಬೇಕೆಂದೇ ಉಸಿರು ತಪ್ಪಿಸಿ ಆಡಿದೆ. ಮೂರು ಗೆದ್ದೆ. “ನೋಡಿ, ಉಸ್ರು ತಪ್ಪಿಸಿದ್ರೂ ನಿಮ್ ಕೈ ಕೇಳಲ್ಲ,” ಅಂದ. ಜೀವಮಾನದಲ್ಲಿ ಮೊದಲ ಸಲ ಸೋಲಬೇಕೆಂದು ಆಡಿದ್ದೆ, ಅದೂ ಆಗಲಿಲ್ಲ. ನಾನು ಕಟ್ಟಿದ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಒಡೆಯುವ ಕೂಲಿಯೂ ನನ್ನದೇ ಆಯಿತು.

ಗುರುವಾರ ಮತ್ತೆ ಮೌಂಟ್ ರಾಸ್ಕಿಲ್, ಪಕ್ಕದ ಮನೆಯ ಹಾದಿ. ಮರುದಿನ ಶುಕ್ರವಾರ. ಸುರಿದು ಮಟ್ಟ ಮಾಡಿ ಆಗಿತ್ತು. ನಾನು ಚೇತನ್‌ನ ಭುಜ ಹಿಡಿದು, ಬೆನ್ನು ಕಾಂಕ್ರೀಟಿಗೆ, ಮುಖ ಬೇಲಿಗೆ ಮಾಡಿ ನಿಲ್ಲಿಸಿದೆ. ಅವನೊಬ್ಬನನ್ನೇ ನಿಲ್ಲಿಸುವುದು ಸರಿಯಲ್ಲವೆಂದು ನಾನೂ ಪಕ್ಕದಲ್ಲಿ ಹಾಗೇ ನಿಂತೆ. ಆ ಮನೆಯ ಅಜ್ಜಿ ಕಿಟಕಿಯಿಂದ ನೋಡಿದರು. ದುಡ್ಡು ಕೊಟ್ಟು ಕರೆಸಿದ ಇಬ್ಬರು ಗಂಡಸರು ಬೇಲಿ ನೋಡುತ್ತಾ ನಿಂತಿದ್ದರು.

“ಕಣ್ಣು ಮುಚ್ಕೋ. ಈಗ ಹೇಳು, ಹದ ಬಂತಾ?”

“ನೋಡ್ದಲೆ ಹೆಂಗೆ ಭಾಯ್ ಹೇಳದು?”

“ಉಸಿರು ಎಣಿಸು. ಮೂರನೇದು ಅರ್ಧಕ್ಕೆ ಬಂದಾಗ ಹೇಳು.”

“ತಮಾಸೆ ಮಾಡ್ಬೇಡಿ. ನೀರು ಆರದ್ಯಾ ನೋಡ್ಬೇಕು. ಮುಟ್ಬೇಕು. ಬೂಟಿಟ್ಟು ನೋಡ್ಬೇಕು. ಸುಮ್ನೆ ಉಸ್ರು ಎಣಿಸುದ್ರೆ ನೆಲಕ್ಕೇನು ಗೊತ್ತಾಯ್ತದೆ?”

“ಶುಕ್ರವಾರ ಆ ಮಷೀನಿನ ಎಲ್ಲಿ ಬೂಟಿಟ್ಟು ನೋಡ್ತೀಯ?”

ಬೇಲಿಯ ಆಚೆ ಯಾರದೋ ನಾಯಿ ಬಂದು ನಮ್ಮಿಬ್ಬರನ್ನೂ ಮೂಸಿ ಹೋಯಿತು.

“ಗೂಡು ಮುಗಿಯೋ ಮುಂಚೆ ಎಳೆ ಸಡಿಲ ಆಗ್ತದೆ, ಕಣ್ಣಿಗೆ ಕಾಣ್ತದೆ,” ಎಂದೆ. “ಕಾಂಕ್ರೀಟು ಮಿನುಗೋದು ನಿಲ್ಲಿಸ್ತದೆ. ಹಾಲು ಕೂಡ ಅಂಚಲ್ಲಿ ಗುಳ್ಳೆ ಎಬ್ಬಿಸಿ ಹೇಳ್ತದೆ, ನಾನು ಕೇಳಿಸ್ಕೊಳಲ್ಲ, ಆ ಮಾತು ಬೇರೆ. ಆ ಮಷೀನು ನಿನಗೆ ಏನು ಹೇಳ್ತದೆ?”

“ಏನೂ ಹೇಳಲ್ಲ.” ಕಣ್ಣು ಮುಚ್ಚಿಕೊಂಡೇ ಕೇಳಿದ: “ಮತ್ತೆ ನೀವು ನಾಕು ವರ್ಷ ಹೇಳಿದ್ದು?”

“ತಪ್ಪು.”

ಸೈಟಿನ ಮೇಲೆ ಈ ಪದ ನಾನು ಬೇಕಾದಷ್ಟು ಸಲ ಆಡಿದ್ದೇನೆ, ಬೇರೆಯವರ ಕೆಲಸ ನೋಡಿ. “ನನಗೆ ಗೊತ್ತಿರಲಿಲ್ಲ,” ಎಂದೆ. “ಗೊತ್ತಿದೆ ಅಂತ ಹೇಳ್ದೆ. ನೀನು ಓದಿದವನು, ಕೇಳ್ತಾ ಇದ್ದೆ. ನನಗೆ ಚೆನ್ನಾಗಿತ್ತು.”

ಅವನು ಕಣ್ಣು ತೆರೆದ. “ರಶ್ಮಿಗೆ ಏನ್ ಹೇಳ್ಲಿ?”

“ನನ್ನ ಹೆಸರು ಹೇಳು. ಏಳನೇ ಕ್ಲಾಸು ಅಂತಾನೂ ಹೇಳು.”

“ಹಂಗಂದ್ರೆ ಇನ್ನೂ ಬಯ್ತಾಳೆ, ಬಿ.ಕಾಂ. ಓದಿ ಏಳ್ನೇ ಕ್ಲಾಸ್‌ನವ್ರ ಮಾತು ಕೇಳ್ದಾ ಅಂತ.”

ನಮ್ಮ ಹಿತ್ತಲಲ್ಲಿ ಒಂದು ಸ್ಲೀಪ್‌ಔಟ್ ಇದೆ, ಮನೆಗೆ ಅಂಟದ ಒಂಟಿ ಕೋಣೆ. ಬಾಂಡ್ ಹಣ ಮತ್ತೆ ಕೂಡುವವರೆಗೆ ಗಂಡ ಹೆಂಡತಿ ಅಲ್ಲಿರಬಹುದು ಎಂದೆ. ನನ್ನ ಉದಾರತೆ ಅಂದುಕೊಳ್ಳಬೇಡಿ. ಶಾಹೀನಾ ಬುಧವಾರವೇ ಅದರಲ್ಲಿದ್ದ ನನ್ನ ಸಾಮಾನನ್ನೆಲ್ಲ ಹೊರಗೆ ಹಾಕಿ ಟಾರ್ಪಾಲು ಹೊದಿಸಿದ್ದಳು. ಚೇತನ್ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಆಟ ಬಿಡುತ್ತೇನೆ ಅಂತಲೂ ಅನ್ನಲಿಲ್ಲ. ಉಳಿದ ಅರ್ಧ ಹೋದರೆ ನಮ್ಮ ಸ್ಲೀಪ್‌ಔಟಿನಲ್ಲಿ ಅವರು ಎಷ್ಟು ವರ್ಷ ಇರಬೇಕೋ ಎಂದು ನಾನೂ ಕೇಳಲಿಲ್ಲ. ಸುಮ್ಮನೆ ಕರಣೆ ಹಿಡಿದು ಕೆಲಸ ಮುಗಿಸಿದೆವು.

ಶುಕ್ರವಾರ ನಮ್ಮ ಪಾಪಟೋಟೊಯಿಯಲ್ಲೇ ಒಂದು ಗ್ಯಾರೇಜಿನ ನೆಲ, ರೈಲು ನಿಲ್ದಾಣಕ್ಕೆ ಹತ್ತು ಹೆಜ್ಜೆ. ಲಾರಿ ತಡವಾಗಿ ಬಂತು. ಎರಡೂವರೆಗೆ ಮಟ್ಟ ಮಾಡಿ ಕೂತೆವು. ನನ್ನ ಫೋನು ಯೂಟಿನಲ್ಲಿತ್ತು, ಆಟವನ್ನು ಹಿಂದಿನ ದಿನವೇ ಅಳಿಸಿದ್ದೆ. ಮೂರು ಗಂಟೆಗೆ ಅವನ ಟ್ರೇನು. ನಾನು ಗಡಿಯಾರ ನೋಡಲಿಲ್ಲ. ಅಂದರೆ, 2:50ಕ್ಕೆ ಒಂದು ಸಲ, 2:55ಕ್ಕೆ ಒಂದು ಸಲ, ಆಮೇಲೆ ನೋಡುತ್ತಲೇ ಇದ್ದೆ. ಚೇತನ್ ಎದ್ದ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ. ಪ್ರತಿ ಶುಕ್ರವಾರ ಹೊರಡುವ ಮುಂಚೆ ಹಾಗೇ ತೊಳೆಯುತ್ತಿದ್ದ. ನಾನು ನೆಲ ನೋಡುತ್ತಾ ಕೂತೆ. ಟ್ರೇನು ಬಂದ ಸದ್ದು ಕೇಳಿಸಿತು, ನಿಂತ ಸದ್ದು ಕೇಳಿಸಿತು, ಹೋದ ಸದ್ದೂ ಕೇಳಿಸಿತು.

ತಲೆ ಎತ್ತಿದರೆ ಅವನು ಗ್ಯಾರೇಜಿನ ಆ ಕಡೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ತೊಳೆದ ಅಂಗೈಯನ್ನು ಕಾಂಕ್ರೀಟಿನ ಮೇಲಿಟ್ಟಿದ್ದ. ನನಗೆ ಆಗಲೇ ಹದ ಬಂದಂತೆ ಕಂಡಿತ್ತು. ಕರಣೆ ಎತ್ತಿಕೊಂಡೆ.

“ಇಳಿಸ್ಬೇಡಿ ಭಾಯ್,” ಅಂದ. ಈ ಸಲ ನನ್ನ ಮುಖ ನೋಡಲಿಲ್ಲ. “ಈ ಮೂಲೇಲಿ ಇನ್ನೂ ನೀರದೆ. ಹತ್ತು ನಿಮಿಷ.”

ನಾನು ಸುತ್ತು ಹಾಕಿಕೊಂಡು ಆ ಮೂಲೆಗೆ ಹೋದೆ. ಬಗ್ಗಿ ಮುಟ್ಟಿದೆ. ಒದ್ದೆ ಅಂಟಿತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಹತ್ತೇ ನಿಮಿಷ.

“ಒಂಬತ್ತು,” ಎಂದೆ.